ನಾಲಿಗೆ ಕಟ್ಟಿದ ಗಂಟೆ

ಬಿಳಿದೊಣೆಯ ಮಠದ ಹಿತ್ತಿಲಿನಲ್ಲಿ ಸುಣ್ಣ ನೆನೆಹಾಕುವ ಒಂದು ಗುಂಡಿ ಇದೆ. ಪೂಜ್ಯ ಇನ್ನಾಸಿ ಸ್ವಾಮಿಗಳ ದರ್ಶನಕ್ಕೆಂದು ದೂರದಿಂದ ಬಂದವರು ಅವರನ್ನು ಮೊದಲು ದೇವಾಲಯದಲ್ಲಿ, ಆಮೇಲೆ ಓದುವ ಕೋಣೆಯಲ್ಲಿ ಹುಡುಕುತ್ತಿದ್ದರು. ಬಲ್ಲವರು ನೇರವಾಗಿ ಹಿತ್ತಿಲಿಗೆ ಹೋಗುತ್ತಿದ್ದರು. ಮಠದ ಹಿರಿಯರಾಗಿದ್ದರೂ ಸ್ವಾಮಿಗಳು ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಉದ್ದನೆಯ ಕೋಲಿನಿಂದ ಸುಣ್ಣ ಕಲಕುತ್ತ ಅಲ್ಲಿರುತ್ತಿದ್ದರು. ಸುಣ್ಣ ತಿಂದು ಅವರ ಕೈಗಳ ಚರ್ಮ ಒಣಗಿದ ಕೆರೆಯ ನೆಲದಂತೆ ಬಿರಿದಿತ್ತು.

ಯೇಸುವಿನ ಪುನರುತ್ಥಾನದ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಮಧ್ಯಾಹ್ನ ಬಡಗಿ ಚೌರಪ್ಪ ಆ ಗುಂಡಿಯ ಬಳಿಗೆ ಬಂದು ನಿಂತ. ಅವನ ಹೆಗಲ ಮೇಲೆ ಹೊಸ ಹಗ್ಗದ ಸುರುಳಿ ಇತ್ತು. ಸೊಂಟದಲ್ಲಿ ಉಳಿ ಇತ್ತು. ಅವನು ಗಂಟೆ ಬಾರಿಸಲು ಬಂದಿದ್ದ. ಆ ಗಂಟೆಯನ್ನು ಯಾರೂ ಮುಟ್ಟಬಾರದೆಂದು ಸ್ವಾಮಿಗಳು ಅಪ್ಪಣೆ ಮಾಡಿ ಆರು ತಿಂಗಳಾಗಿತ್ತು.

ಹೀಗೇಕಾಯಿತೆಂದು ತಿಳಿಯಲು ಆ ದೇವಾಲಯದ ಚರಿತ್ರೆಯನ್ನು ಸ್ವಲ್ಪ ಹೇಳಬೇಕು.

ಅದನ್ನು ಕಟ್ಟಿಸಿದವರು ಬಹು ದೂರದ ಸ್ಲೊವಾಕರ ನಾಡಿನಿಂದ ಬಂದ ಮಾರ್ಟಿನ್ ಎಂಬ ಸಂನ್ಯಾಸಿಗಳು. ತಮ್ಮ ನಾಡಿನಲ್ಲಿ, ಬೆಟ್ಟದ ಮೇಲಿನ ಹಳೆಯ ಮಠದ ದೇವಾಲಯ ಹೇಗಿತ್ತೋ ಹಾಗೆಯೇ ಇಲ್ಲಿಯೂ ಇರಲೆಂದು ಅವರು ಬಯಸಿದರು. ಒಬ್ಬ ಆಳು ಅಡ್ಡ ಮಲಗುವಷ್ಟು ದಪ್ಪದ ಗೋಡೆ, ಕಿರಿದಾದ ಕಿಟಕಿಗಳು, ಬಿದ್ದ ಹಿಮ ನಿಲ್ಲದೆ ಜಾರಿಹೋಗಲೆಂದು ಕಡಿದಾದ ಮಾಡು. ಬಿಳಿದೊಣೆಯಲ್ಲಿ ಮಳೆಯೇ ಅಪರೂಪ. "ನಮ್ಮ ಗುಡಿ ಹಿಮ ಬೀಳ್ಲಿ ಅಂತ ಕಾಯ್ತಾ ಕುಂತದೆ" ಎಂದು ಊರವರೇ ನಗುತ್ತಿದ್ದರು. ನಗುತ್ತಲೇ ಅದನ್ನು ಕಾಪಾಡಿದರು. ಹೆಂಚು ಸರಿಪಡಿಸುವವನು ಸೊಂಟಕ್ಕೆ ಹಗ್ಗ ಬಿಗಿದು ಆ ಕಡಿದಾದ ಮಾಡು ಹತ್ತುತ್ತಿದ್ದ, ಹಗ್ಗದ ಇನ್ನೊಂದು ತುದಿಯನ್ನು ಅವನ ಮನೆಯವರೇ ಹಿಡಿದು ಕೆಳಗೆ ನಿಲ್ಲುತ್ತಿದ್ದರು. ಪಾಸ್ಕ ಹಬ್ಬಕ್ಕೆ ಮೊದಲು ಗೋಡೆಗೆ ಸುಣ್ಣ ಬಳಿಯುವ ಸರತಿ ಮನೆಯಿಂದ ಮನೆಗೆ ತಪ್ಪದೆ ಸಾಗಿ ಬಂದಿತ್ತು.

ಮುಂಭಾಗದ ಗೋಪುರದಲ್ಲಿ ಮಾರ್ಟಿನ್ ಸ್ವಾಮಿಗಳು ತಮ್ಮ ನಾಡಿನಿಂದ ತರಿಸಿದ ಗಂಟೆ ಇತ್ತು. ಅದನ್ನು ಅವರು ಗೋಡೆಗೆ ತೂಗುಹಾಕಿರಲಿಲ್ಲ. ಗೋಪುರದ ಒಳಗೆ, ಗೋಡೆಯಿಂದ ಒಂದು ಗೇಣು ದೂರ ಬಿಟ್ಟು, ತೇಗದ ಮರದ ಅಟ್ಟಣೆಯೊಂದನ್ನು ನಿಲ್ಲಿಸಿ ಅದಕ್ಕೆ ತೂಗುಹಾಕಿದ್ದರು. ಗಂಟೆ ತೂಗಿದಾಗ ಅಟ್ಟಣೆ ನಡುಗುತ್ತಿತ್ತು, ಕಿರುಗುಡುತ್ತಿತ್ತು. ಗೋಡೆಗೆ ಅದರ ಸುದ್ದಿಯೇ ಇರಲಿಲ್ಲ.

ಮಾರ್ಟಿನ್ ಸ್ವಾಮಿಗಳು ತೀರಿಕೊಂಡು ಬಹಳ ಕಾಲವಾದ ಮೇಲೆ ಅರುಳಪ್ಪನೆಂಬ ಬಡಗಿ ಗಂಟೆಯ ಸೇವೆಗೆ ಬಂದ. ಇವನೇ ಚೌರಪ್ಪನ ತಂದೆ, ದೈವಭಕ್ತ. ಅಟ್ಟಣೆಯ ನಡುಕ ನೋಡಿ ಅವನಿಗೆ ಸಂಕಟವಾಯಿತು. ಕಾಲ ಕಳೆದಂತೆ ಮರ ಸೊರಗಿ ಗೋಡೆಯಿಂದ ಬಿಟ್ಟುಕೊಂಡಿದೆ ಎಂದು ಅವನು ತಿಳಿದ. ತನ್ನ ಸ್ವಂತ ಖರ್ಚಿನಲ್ಲಿ ಇಟ್ಟಿಗೆ ಗಾರೆ ತಂದು, ಅಟ್ಟಣೆಗೂ ಗೋಡೆಗೂ ನಡುವಿನ ಸಂದನ್ನು ಭದ್ರವಾಗಿ ತುಂಬಿದ. ಅಂದಿನಿಂದ ಅಟ್ಟಣೆ ನಡುಗಲಿಲ್ಲ. ಗಂಟೆಯ ಸದ್ದು ಗಟ್ಟಿಯಾಯಿತೆಂದು ಊರು ಹೊಗಳಿತು.

ಕೆಲವು ವರ್ಷಗಳಲ್ಲಿ ಗೋಪುರದ ಮೂಲೆಯಲ್ಲಿ ಒಂದು ಗೆರೆ ಕಾಣಿಸಿತು. ಸರತಿಯವರು ಅದಕ್ಕೆ ಸುಣ್ಣ ಮೆತ್ತಿ ಬಿಳಿ ಬಳಿದರು. ಮರುವರ್ಷ ಗೆರೆ ಮತ್ತೆ ಬಂತು, ಮತ್ತೆ ಬಳಿದರು. ಹಬ್ಬದ ದಿನ ಗೋಪುರ ಹಾಲಿನಂತಿರುತ್ತಿದ್ದುದರಿಂದ ಯಾರಿಗೂ ಭಯವಾಗಲಿಲ್ಲ. ಬಿರುಕು ಬೆಳೆಯುತ್ತಿದೆ ಎಂಬುದನ್ನು ಊರಿನ ಭಕ್ತಿಯೇ ಊರಿಗೆ ಮರೆಮಾಡಿತು.

ಇನ್ನಾಸಿ ಸ್ವಾಮಿಗಳು ಹಿರಿಯರಾದ ಮೇಲೆ ಒಂದು ದಿನ ಗಂಟೆ ಬಾರಿಸುವ ಹೊತ್ತಿಗೆ ತಾವೇ ಗೋಪುರ ಹತ್ತಿ ಕುಳಿತು ನೋಡಿದರು. ಕೆಳಗಿಳಿದು ಬಂದವರು ಹಗ್ಗ ಬಿಚ್ಚಿಸಿದರು, ಗಂಟೆಯ ನಾಲಿಗೆಗೆ ಗೋಣಿ ಸುತ್ತಿ ಕಟ್ಟಿಸಿದರು. "ಸಂದು ಬಿಡಿಸುವವರೆಗೆ ಗಂಟೆ ಬೇಡ" ಎಂದಷ್ಟೇ ಹೇಳಿದರು. ಯಾರ ಹೆಸರನ್ನೂ ಎತ್ತಲಿಲ್ಲ. ಹೆಸರೆತ್ತಿದವರು ಊರವರು. ಪಂಗಡದ ಯಜಮಾನರಾದ ರಾಯಪ್ಪನವರು ಸಭೆಯಲ್ಲಿ ಎಲ್ಲರ ಎದುರಿಗೆ ಚೌರಪ್ಪನಿಗೆ, "ನಿಮ್ಮಪ್ಪ ಗುಡಿಗೆ ಇಟ್ಟಿಗೆ ಇಟ್ನಾ, ಬೆಣೆ ಹೊಡುದ್ನಾ?" ಎಂದು ಕೇಳಿದರು. ಚೌರಪ್ಪ ಬಾಚಿ ಎತ್ತಿಕೊಂಡು ಅವರ ಮೇಲೆ ಹೋದ. ಹಿಡಿದು ಬಿಡಿಸಬೇಕಾಯಿತು. ನಮ್ಮಪ್ಪನ ಇಟ್ಟಿಗೆ ಇಲ್ಲದಿದ್ದರೆ ಗೋಪುರ ಎಂದೋ ಬೀಳುತ್ತಿತ್ತು, ಅದನ್ನು ಮುಟ್ಟಿದವನ ಕೈ ಕಡಿಯುತ್ತೇನೆ ಎಂದು ಅವನು ಸಾರಿದ. ಇಟ್ಟಿಗೆ ಬಿಡಿಸುವಾಗ ಅಟ್ಟಣೆಯನ್ನು ಆನಿಸಿ ಹಿಡಿಯಬಲ್ಲ ಬಡಗಿ ಊರಿನಲ್ಲಿ ಅವನೊಬ್ಬನೇ. ಹೊರಗಿನಿಂದ ಬೇರೆಯವರನ್ನು ಕರೆಸಬಹುದಿತ್ತು. ಸ್ವಾಮಿಗಳು ಕರೆಸಲಿಲ್ಲ, ಕಾದರು. ಚೌರಪ್ಪ ಅಂದಿನಿಂದ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಅವನ ಮನೆಯವರ ಜೊತೆ ಊರು ಮಾತು ಬಿಟ್ಟಿತು.

ಈ ಜಗಳದಲ್ಲಿ ಇಬ್ಬರು ಹೆಣ್ಣುಮಕ್ಕಳು ಸಿಕ್ಕಿಕೊಂಡರು. ಚೌರಪ್ಪನ ಹೆಂಡತಿ ಅಣ್ಣಮ್ಮ, ರಾಯಪ್ಪನವರ ಹೆಂಡತಿ ಲೂರ್ದಮ್ಮ ಒಡಹುಟ್ಟಿದವರು. ತಾಯಿಯಿಲ್ಲದ ಅಣ್ಣಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಲೂರ್ದಮ್ಮ. ಬಾಚಿ ಎತ್ತಿದವನ ಹೊಸಿಲು ತುಳಿಯುವುದಿಲ್ಲವೆಂದು ರಾಯಪ್ಪನವರು ಹೆಂಡತಿಯ ಕೈಯನ್ನು ಶಿಲುಬೆಯ ಮೇಲಿಡಿಸಿ ಆಣೆ ಮಾಡಿಸಿದರು.

ಅಂಥ ಆಣೆಗೂ ಬಿಳಿದೊಣೆಯಲ್ಲಿ ಒಂದು ಬಿಡುಗಡೆ ಇತ್ತು. ಯಾರಾದರೂ ಸಾಯುವ ಸ್ಥಿತಿಯಲ್ಲಿದ್ದರೆ ದೇವಾಲಯದಲ್ಲಿ ಪ್ರಾಣಗಂಟೆ ಬಾರಿಸುತ್ತಿದ್ದರು. ಅದು ಕಿವಿಗೆ ಬಿದ್ದ ಕ್ಷಣ ಇಡೀ ಊರು ಕೈಕೆಲಸ ಬಿಟ್ಟು ಇದ್ದಲ್ಲೇ ಮೊಣಕಾಲೂರಿ ಒಂದು ಜಪ ಹೇಳುತ್ತಿತ್ತು. ಆಮೇಲೆ ಯಾರು ಯಾರ ಮನೆಗಾದರೂ ಹೋಗಬಹುದು. ಪ್ರಾಣಗಂಟೆಯಾದ ಮೇಲೆ ಮುನಿಸಿಲ್ಲ, ಆಣೆಯಿಲ್ಲ. ಇದು ಮಾರ್ಟಿನ್ ಸ್ವಾಮಿಗಳ ಕಾಲದಿಂದ ಬಂದ ಕಟ್ಟಳೆ. ಗಂಟೆಯಿಲ್ಲದೆ ಈ ಬಿಡುಗಡೆಯೂ ಇಲ್ಲ.

ಆ ತಪಸ್ಸುಕಾಲದಲ್ಲಿ ಅಣ್ಣಮ್ಮನ ಎದೆಯ ಕಾಯಿಲೆ ಕೊನೆಯ ಹಂತಕ್ಕೆ ಬಂದಿತ್ತು.

ಸ್ವಾಮಿಗಳು ತಪಸ್ಸುಕಾಲದ ನಲವತ್ತು ದಿನ ಪೂಜೆಯ, ಸಂಸ್ಕಾರಗಳ ಮಂತ್ರದ ಹೊರತು ಒಂದು ಮಾತನ್ನೂ ಆಡುತ್ತಿರಲಿಲ್ಲ. ಸಂನ್ಯಾಸ ಸ್ವೀಕರಿಸಿದಂದಿನಿಂದ ಆ ಮೌನವನ್ನು ಅವರು ಒಮ್ಮೆಯೂ ಮುರಿದವರಲ್ಲ. ಅಂದು ಬೆಳಿಗ್ಗೆ ಚೌರಪ್ಪನ ಮನೆಗೆ ಹೋಗಿ ಅಣ್ಣಮ್ಮನಿಗೆ ಅಂತ್ಯಾಭ್ಯಂಗದ ಎಣ್ಣೆ ಹಚ್ಚಿ, ಮಂತ್ರ ಹೇಳಿ, ಮೌನವಾಗಿಯೇ ಹಿಂದಿರುಗಿದ್ದರು.

ಈಗ ಸುಣ್ಣದ ಗುಂಡಿಯ ಬಳಿ ಚೌರಪ್ಪ ನಿಂತಿದ್ದ.

"ಸ್ವಾಮ್ಯೋರೆ, ನಾನು ಬೇಡಾಕೆ ಬಂದಿಲ್ಲ. ಹೇಳಾಕೆ ಬಂದಿವ್ನಿ" ಎಂದ. "ಅವ್ಳು ದೀಪ ಹಚ್ಚೋ ಹೊತ್ಗಂಟ ಇರ್ತಾಳೆ ಅನ್ನೋ ನಂಬ್ಕೆ ನಂಗಿಲ್ಲ. ಬಾಗ್ಲಲ್ಲಿ ಕೋಳಿ ಓಡಾಡುದ್ರೂ 'ಅಕ್ಕ ಬಂದ್ಲಾ' ಅಂತಾಳೆ. ಗಾಳಿಗೆ ಚಿಲಕ ಅಲ್ಲಾಡುದ್ರೂ 'ಅಕ್ಕ ಬಂದ್ಲಾ'. ನಾನೇನು ಹೇಳ್ಲಿ ಅವ್ಳಿಗೆ? ಗಂಟೆ ಆಗ್ದೆ ಅವ್ಳಕ್ಕ ಬರಾಕಿಲ್ಲ. ನೀವು ಹೊಡುಸ್ತೀರೋ, ನಾನೇ ಹೊಡೀಲೋ?"

ಸ್ವಾಮಿಗಳು ಕೋಲನ್ನು ಗುಂಡಿಯ ಅಂಚಿಗೆ ಆನಿಸಿದರು. ಗೋಪುರದ ಕಡೆ ನೋಡಿದರು. ಅಡ್ಡಡ್ಡ ತಲೆಯಾಡಿಸಿದರು.

ಚೌರಪ್ಪ ನಕ್ಕ. ಕೇಳುವವರಿಗೆ ಹಿತವಾಗುವ ನಗೆಯಲ್ಲ ಅದು. "ಯಜಮಾನ್ರ ಮನೇಲಿ ಹೆಣ ಬೀಳ್ತಿದ್ರೆ ನಿಮ್ಮ ಮೌನ ಎಲ್ಲೋಗ್ತಿತ್ತು, ನಾನೂ ನೋಡ್ತಿದ್ದೆ" ಎಂದವನೇ ತಿರುಗಿ ಗೋಪುರದ ಕಡೆ ದಾಪುಗಾಲು ಹಾಕಿದ.

ಗೋಪುರದ ಬುಡದ ಮುಖಮಂಟಪದಲ್ಲಿ ನೆರಳಿತ್ತು. ಗಂಟೆ ತೂಗದಿದ್ದರೆ ಗೋಡೆಗೆ ಅಪಾಯವಿಲ್ಲವೆಂದು ಅಲ್ಲಿ ಧರ್ಮಪಾಠದ ಮಕ್ಕಳನ್ನು ಕೂರಿಸಿದ್ದರು. ದೇವರ ಹತ್ತು ಕಟ್ಟಳೆಗಳನ್ನು ಅವರು ರಾಗವಾಗಿ ಒಪ್ಪಿಸುತ್ತಿದ್ದರು. ಚೌರಪ್ಪ ಅವರ ನಡುವೆಯೇ ನುಗ್ಗಿ, ಗೋಪುರದ ಬಾಗಿಲಿನ ಚಿಲಕವನ್ನು ಉಳಿಯಿಂದ ಮೀಟಿ ತೆಗೆದು, ಮರದ ಏಣಿ ಹತ್ತಿದ.

ಮೇಲೆ ಪಾರಿವಾಳಗಳು ದಿಕ್ಕಾಪಾಲಾಗಿ ಹಾರಿದವು. ಚೌರಪ್ಪ ಹಗ್ಗವನ್ನು ಗಂಟೆಯ ತೊಲೆಗೆ ಬಿಗಿದ. ನಾಲಿಗೆಗೆ ಸುತ್ತಿದ ಗೋಣಿಯ ಕಟ್ಟನ್ನು ಉಳಿಯಿಂದ ಕೊಯ್ಯತೊಡಗಿದ. ಮೊದಲ ಸುತ್ತು ಬಿಚ್ಚಿತು. ಆಗ ಏಣಿ ಕಿರುಗುಟ್ಟಿತು. ಇನ್ನಾಸಿ ಸ್ವಾಮಿಗಳು ಮೇಲೆ ಬಂದರು. ವಯಸ್ಸು, ಉಪವಾಸ ಎರಡೂ ಸೇರಿ ಅವರಿಗೆ ಉಸಿರು ಸಿಗುತ್ತಿರಲಿಲ್ಲ.

"ತಡೀಬೇಡಿ" ಎಂದ ಚೌರಪ್ಪ. ಉಳಿ ಅವನ ಬಲಗೈಯಲ್ಲೇ ಇತ್ತು. "ನೀವು ಸ್ವಾಮಿಗಳು. ಕೈ ಮಾಡುಸ್ಬೇಡಿ ನನ್ನತ್ರ."

ಸ್ವಾಮಿಗಳು ತಡೆಯಲಿಲ್ಲ. ಹತ್ತಿರ ಬಂದು ಅವನ ಎಡಗೈಯನ್ನು ಹಿಡಿದುಕೊಂಡರು. ಸಣ್ಣ ಮಗುವನ್ನು ಕರೆದೊಯ್ಯುವಂತೆ ಅವನನ್ನು ಮೂಲೆಗೆ ಕರೆದೊಯ್ದು, ಅವನ ತಂದೆಯ ಇಟ್ಟಿಗೆಗಳು ಗೋಡೆಯನ್ನು ಒತ್ತಿ ನಿಂತಿದ್ದ ಕಡೆ, ಅಲ್ಲಿದ್ದ ಬಿರುಕಿನೊಳಗೆ ಅವನ ಬೆರಳುಗಳನ್ನು ಇಳಿಸಿದರು. ಬೆರಳು ಎರಡನೆಯ ಗಿಣ್ಣಿನವರೆಗೆ ಹೋಯಿತು. ಚೌರಪ್ಪ ಕೈ ಎಳೆದುಕೊಳ್ಳಲಿಲ್ಲ. ಸ್ವಾಮಿಗಳ ಹಿಡಿತದಲ್ಲಿ ಬಲವಂತವಿರಲಿಲ್ಲ, ಆದ್ದರಿಂದಲೇ ಎಳೆದುಕೊಳ್ಳಲಾಗಲಿಲ್ಲ ಎಂದು ಅವನು ಮುಂದೆ ಹೇಳುತ್ತಿದ್ದ.

ಆಮೇಲೆ ಸ್ವಾಮಿಗಳು ಗಂಟೆಯ ಬಳಿ ಹೋಗಿ, ತಮ್ಮ ಹೆಗಲನ್ನು ಅದಕ್ಕೆ ಕೊಟ್ಟು ಒಮ್ಮೆ ಮೆಲ್ಲನೆ ತಳ್ಳಿದರು.

ನಾಲಿಗೆಗೆ ಇನ್ನೂ ಗೋಣಿ ಇತ್ತು, ಸದ್ದಾಗಲಿಲ್ಲ. ಗಂಟೆ ಮಾತ್ರ ತೂಗಿತು. ಅದು ಅತ್ತ ಹೋದಾಗ ಚೌರಪ್ಪನ ಬೆರಳುಗಳ ಸುತ್ತ ಗೋಡೆ ಸಡಿಲವಾಯಿತು. ಇತ್ತ ಬಂದಾಗ ಗೋಡೆ ಅವನ ಬೆರಳುಗಳನ್ನು ಕಚ್ಚಿತು. ಕಲ್ಲಿನ ಗೋಡೆ, ಮಲಗಿದ ಪ್ರಾಣಿಯ ಪಕ್ಕೆಯಂತೆ, ಉಸಿರಾಡಿತು. ಬಿರುಕಿನಿಂದ ಒಂದು ಹೆಂಟೆ ಗಾರೆ ಕಳಚಿ, ಗೋಪುರದ ಒಳಗಿನ ಕತ್ತಲಿಗೆ ಬಿದ್ದು, ಕೆಳಗೆಲ್ಲೋ ಒಡೆಯಿತು. ಮಕ್ಕಳ ಪಾಠ ನಿಂತಿತು. ಯಾರೋ ಒಂದು ಮಗು ಕಿಸಕ್ಕನೆ ನಕ್ಕಿತು. ಪಾಠ ಮತ್ತೆ ಮೊದಲಾಯಿತು.

ಗಂಟೆ ಎರಡನೆಯ ಸಲ ಅತ್ತ ಹೊರಡುವಷ್ಟರಲ್ಲಿ ಚೌರಪ್ಪ ಉಳಿ ಬಿಸುಟು, ಜಜ್ಜಿಹೋದ ಕೈಯನ್ನು ಕಿತ್ತುಕೊಂಡು, ಗಂಟೆಯನ್ನು ಎರಡೂ ತೋಳುಗಳಿಂದ ಅಪ್ಪಿ ಹಿಡಿದ. ಅದು ಅವನನ್ನು ಒಂದು ಹೆಜ್ಜೆ ಎಳೆದೊಯ್ದಿತು. ಅವನು ಬಿಡಲಿಲ್ಲ. ಗಂಟೆ ನಿಂತ ಮೇಲೂ ಬಹಳ ಹೊತ್ತು ಅದಕ್ಕೆ ಕೆನ್ನೆ ಒತ್ತಿ ನಿಂತೇ ಇದ್ದ.

"ನಮ್ಮಪ್ಪ" ಎಂದ. ಆಮೇಲೆ ಕೇಳಿದ: "ಹಂಗಾದ್ರೆ ಅವ್ಳು ಹಂಗೇ ಹೋಗ್ಬೇಕಾ ಸ್ವಾಮಿ? ಬಾಗ್ಲು ನೋಡ್ಕೊಂಡೇ?"

ಆಗ ಇನ್ನಾಸಿ ಸ್ವಾಮಿಗಳು ಮಾತನಾಡಿದರು. ಬಹಳ ದಿನ ಮಾತಿಗೆ ಬಳಸದ ಧ್ವನಿ ಕಷ್ಟಪಟ್ಟು ಹೊರಬಂತು.

"ಗಂಟೆಯ ನಾಲಿಗೆ ಕಟ್ಟಿದವನು ನಾನು. ಅದರ ಕೆಲಸ ನನ್ನದು. ನಡಿ."

ಕೆಳಗಿಳಿದು, ಮಕ್ಕಳನ್ನು ಮುಖಮಂಟಪದಿಂದ ಹುಣಿಸೆಮರದ ಕೆಳಗೆ ಕಳಿಸಿ, ಸ್ವಾಮಿಗಳು ಬರಿಗಾಲಿನಲ್ಲಿ ಊರಿನ ಕಡೆ ನಡೆದರು. ನೀನು ಮನೆಗೆ ಹೋಗು ಎಂದು ಚೌರಪ್ಪನಿಗೆ ಸನ್ನೆ ಮಾಡಿದರು. "ನಮ್ಮ ದೊಡ್ಡವ್ವ ಅವ್ಳ ಹತ್ರ ಕುಂತವ್ಳೆ" ಎಂದ ಅವನು. "ಅಕ್ಕನ್ನ ಕರ್ಕೊಂಡು ಬತ್ತೀನಿ ಅಂತ ಹೇಳಿ ಬಂದಿವ್ನಿ. ಬರೀ ಕೈಲಿ ಹೆಂಗೋಗ್ಲಿ?"

ಮೊದಲು ಹೋದದ್ದು ರಾಯಪ್ಪನವರ ಮನೆಗೆ. ಯಜಮಾನರು ಜಗುಲಿಯಿಂದ ಎದ್ದು ಬಂದು, "ಸ್ತೋತ್ರ ಸ್ವಾಮಿ" ಎಂದು ಬಾಗಿದರು. ಹಿಂದೆ ನಿಂತವನನ್ನು ಕಂಡು ಮುಖ ಗಂಟಿಕ್ಕಿದರು.

ಸ್ವಾಮಿಗಳು ಹೇಳಿದರು: "ಅಣ್ಣಮ್ಮ ಪ್ರಾಣ ಬಿಡುತ್ತಿದ್ದಾಳೆ. ಅವಳಿಗಾಗಿ ಪ್ರಾರ್ಥಿಸಿ."

ರಾಯಪ್ಪನವರು ಬೆಚ್ಚಿದ್ದು ಸುದ್ದಿಗಲ್ಲ, ಸ್ವಾಮಿಗಳ ಧ್ವನಿಗೆ. ಒಳಗೆ ರಾಗಿ ಕೇರುತ್ತಿದ್ದ ಲೂರ್ದಮ್ಮನ ಮೊರದ ಸದ್ದು ನಿಂತಿತು.

"ಪ್ರಾರ್ಥನೆ ಮಾಡ್ತೀವಿ ಸ್ವಾಮಿ" ಎಂದರು ರಾಯಪ್ಪನವರು. "ಆದ್ರೆ ಹೋಗೋದು ಅಂದ್ರೆ... ಶಿಲುಬೆ ಮುಟ್ಟಿ ಮಾಡಿದ ಆಣೆ ಅದು. ಗಂಟೆ ಆಗ್ದೆ ಬಿಡಾಕಿಲ್ಲ. ಕಟ್ಟಳೆ ನಾವು ಮಾಡಿದ್ದಾ? ನಿಮ್ಮ ಹಿಂದಿನೋರು ಮಾಡಿದ್ದು."

"ನಿನ್ನೇ ಕೇಳ್ತಾವ್ಳೆ ಲೂರ್ದಕ್ಕಾ" ಎಂದು ಚೌರಪ್ಪ ಒಳಗಿನ ಕತ್ತಲಿಗೆ ಕೂಗಿದ.

"ನೀ ನನ್ನ ಮನೆ ಮುಂದೆ ಬಾಯ್ಬಿಡ್ಬೇಡ" ಎಂದರು ರಾಯಪ್ಪನವರು.

ಸ್ವಾಮಿಗಳು ಬೇರೇನೂ ಹೇಳದೆ ಪಕ್ಕದ ಮನೆಗೆ ಹೊರಟರು. ಚೌರಪ್ಪನಿಗೆ ತಡೆಯಲಾಗಲಿಲ್ಲ. "ಒಂದ್ ಮಾತು! ಆಣೆ ಬಿಟ್ಟಿತು, ಹೋಗಮ್ಮ ಅಂತ ಒಂದ್ ಮಾತು ಅಪ್ಪಣೆ ಕೊಟ್ಟಿದ್ರೆ ಆಗ್ತಿತ್ತಲ್ಲ ಸ್ವಾಮಿ! ನಿಮ್ಮ ಮಾತು ಯಾರು ಮೀರ್ತಾರೆ?"

"ಗಂಟೆ ಯಾರಿಗೂ ಅಪ್ಪಣೆ ಕೊಡುವುದಿಲ್ಲ" ಎಂದರು ಸ್ವಾಮಿಗಳು. "ತಿಳಿಸುತ್ತದೆ."

ಪಕ್ಕದ ಮನೆಯಲ್ಲಿ ಅದೇ ಮಾತು: ಅಣ್ಣಮ್ಮ ಪ್ರಾಣ ಬಿಡುತ್ತಿದ್ದಾಳೆ, ಅವಳಿಗಾಗಿ ಪ್ರಾರ್ಥಿಸಿ. ಅದರ ಪಕ್ಕದ ಮನೆಯಲ್ಲೂ ಅದೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಜನ ಮೊದಲಿಗೆ ಗಲಿಬಿಲಿಗೊಂಡರು. ಇದು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. "ಮೌನ ಮುರುದ್ರಾ ಸ್ವಾಮಿಗಳು? ಯಾರಿಗೋಸ್ಕರ, ಆ ಚೌರನ ಹೆಂಡ್ತಿಗೋಸ್ಕರವಾ?" ಎಂದು ಮಗ್ಗದವರ ಮನೆಯ ಗಂಡಸೊಬ್ಬ ಕೇಳಿದ್ದು ಚೌರಪ್ಪನ ಕಿವಿಗೂ ಬಿತ್ತು. ಅವನು ತಲೆ ತಗ್ಗಿಸಿಕೊಂಡು ಸ್ವಾಮಿಗಳ ಹಿಂದೆ ನಡೆದ. ಬಿಸಿಲಿಗೆ ಕಾದ ಬಂಡೆಯ ಮೇಲೆ ಸ್ವಾಮಿಗಳ ಪಾದ ನಿಲ್ಲುತ್ತಿರಲಿಲ್ಲ. ಆದರೂ ಅವರು ಒಂದು ಬಾಗಿಲನ್ನೂ ಬಿಡಲಿಲ್ಲ.

ಕೆಳಗಿನ ಬೀದಿಯಲ್ಲಿ ಸವೇರಿಯಮ್ಮನೆಂಬ ಮುದುಕಿ ಒಲೆಯ ಮುಂದಿನಿಂದ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಯಾರು? ಅರುಳಪ್ಪನ ಸೊಸೆನಾ?" ಎಂದಳು. "ಅಯ್ಯೋ, ಗಂಟೆ ಕೇಳುಸ್ಲೇ ಇಲ್ವಲ್ಲ ನಂಗೆ. ಪೂರಾ ಹೋಯ್ತಾ ಕಿವಿ?"

"ಗಂಟೆ ಹೊಡೀಲಿಲ್ಲ ಕಣಜ್ಜಿ. ಸ್ವಾಮ್ಯೋರೇ ಬಂದವ್ರೆ" ಎಂದಳು ಅವಳ ಮೊಮ್ಮಗಳು.

"ಸದ್ಯ" ಎಂದಳು ಮುದುಕಿ. "ಇದು ಕೇಳುಸ್ತದೆ ನಂಗೆ." ಸೌಟನ್ನು ಕೈಯಲ್ಲಿಟ್ಟುಕೊಂಡೇ ಹೊಸಿಲ ಮೇಲೆ ಕಷ್ಟಪಟ್ಟು ಮೊಣಕಾಲೂರಿ, ಗಟ್ಟಿಯಾಗಿ ಜಪ ಹೇಳತೊಡಗಿದಳು.

ಅವಳು ಊರಿಗೇ ಹಿರಿಯಳು. ಎದುರು ಮನೆಯಲ್ಲಿ ಕುಲುಮೆಯವನು ಸುತ್ತಿಗೆ ಕೆಳಗಿಟ್ಟು ಮಂಡಿಯೂರಿದ. ಅವನ ಪಕ್ಕದ ಮನೆಯಲ್ಲಿ ಒರಳಿನ ಸದ್ದು ನಿಂತಿತು. ಮುಂದಿನ ಬಾಗಿಲುಗಳಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆರು ತಿಂಗಳಿಂದ ತನ್ನ ಕಡೆ ತಿರುಗಿಯೂ ನೋಡದಿದ್ದ ಮನೆಗಳ ಮುಂದೆ, ತನ್ನ ಹೆಂಡತಿಯ ಹೆಸರು ಹೇಳಿ ಜನ ಕೈಮುಗಿಯುವುದನ್ನು ಚೌರಪ್ಪ ನೋಡಿದ.

ಮೇಲಿನ ಬೀದಿಯ ಮೊದಲಲ್ಲಿ ಸ್ವಾಮಿಗಳ ಧ್ವನಿ ನಿಂತುಹೋಯಿತು. ಬಾಯಿ ತೆರೆದರು. ಗಾಳಿಯಷ್ಟೇ ಬಂತು. ಮತ್ತೊಮ್ಮೆ ಪ್ರಯತ್ನಿಸಿದರು. ಬಾಗಿಲಲ್ಲಿ ನಿಂತಿದ್ದ ಗಂಡಹೆಂಡಿರು ಕಾದರು. ಸ್ವಾಮಿಗಳು ಮೆಲ್ಲನೆ ಪಕ್ಕಕ್ಕೆ ಸರಿದು, ಹಿಂದಿರುಗಿ ಚೌರಪ್ಪನನ್ನು ನೋಡಿದರು.

ಅವನು ಪ್ರಾರ್ಥನೆಯ ಮಾತಾಡಿ ಎಷ್ಟೋ ಕಾಲವಾಗಿತ್ತು. ಈ ಊರಿನಲ್ಲಿ ಯಾರನ್ನೂ ಏನನ್ನೂ ಬೇಡುವುದಿಲ್ಲವೆಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ್ದ. ರಕ್ತ ಒಸರುತ್ತಿದ್ದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಅವನು ಹೊಸಿಲ ಮುಂದೆ ಬಂದ.

"ಅಣ್ಣಮ್ಮ ಪ್ರಾಣ ಬಿಡ್ತಾವ್ಳೆ" ಎಂದ. "ಅವ್ಳಿಗೋಸ್ಕರ ಪ್ರಾರ್ಥನೆ ಮಾಡಿ."

ಅಲ್ಲಿಂದ ಮುಂದಿನ ಬಾಗಿಲುಗಳಲ್ಲಿ ಮಾತು ಅವನದಾಯಿತು. ಸ್ವಾಮಿಗಳು ಅವನ ಹಿಂದೆ, ಕೈಮುಗಿದುಕೊಂಡು ನಡೆದರು.

ಲೂರ್ದಮ್ಮ ಆ ಹೊತ್ತಿನ ವಿಷಯವನ್ನು ತನ್ನ ಮೊಮ್ಮಕ್ಕಳಿಗೆ ಹೀಗೆ ಹೇಳುತ್ತಿದ್ದಳಂತೆ. ಅವಳು ಮೊರವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಗಂಡ ಹೊಸಿಲಿಗೆ ಅಡ್ಡಲಾಗಿ ಕುಳಿತಿದ್ದರು. ದೂರದಲ್ಲಿ ಕುಲುಮೆಯ ಸುತ್ತಿಗೆ ನಿಂತಿತು. ಸ್ವಲ್ಪ ಹೊತ್ತಿಗೆ ಒರಳು ನಿಂತಿತು, ಹಿಂದಿನ ಸಾಲಿನ ಮಗ್ಗಗಳು ನಿಂತವು. ಯಾರೋ ಮಗುವನ್ನು ಗದರುತ್ತಿದ್ದುದೂ ನಿಂತಿತು.

"ಕೇಳುಸ್ತಾ?" ಎಂದಳು ಗಂಡನಿಗೆ.

"ಏನೂ ಕೇಳುಸ್ತಿಲ್ಲವಲ್ಲ."

"ಹೂಂ. ಊರು ಯಾವಾಗ ಹಿಂಗೆ ನಿಲ್ತದೆ, ನೀವೇ ಹೇಳಿ."

ಅವಳು ಮೊರ ಕೆಳಗಿಟ್ಟು ಎದ್ದಳು. ರಾಯಪ್ಪನವರು ಹೊಸಿಲಿನಿಂದ ಸರಿದು ದಾರಿ ಬಿಟ್ಟರು. ಅವಳು ಬೀದಿಗಿಳಿದ ಮೇಲೆ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡು, ಅಲ್ಲೇ ಮಂಡಿಯೂರಿದರು.

ಚೌರಪ್ಪ ಮೇಲಿನ ಬೀದಿಯ ಕೊನೆಯ ಬಾಗಿಲು ಮುಗಿಸಿ ತಿರುಗಿದಾಗ, ಸೆರಗು ಜಾರಿದ್ದೂ ತಿಳಿಯದೆ ತನ್ನ ಮನೆಯ ಕಡೆ ಓಡುತ್ತಿದ್ದ ಲೂರ್ದಮ್ಮನನ್ನು ಕಂಡ. ಅವಳಿಗಿಂತ ಮುಂಚೆ ತಲುಪಬಹುದಿತ್ತು. ಬೇಕೆಂದೇ ಹಿಂದೆ ಉಳಿದ. ಅವನು ಹೊಸಿಲಿಗೆ ಬಂದು ನಿಂತಾಗ ಒಳಗಿನಿಂದ, "ಅಕ್ಕ ಬಂದ್ಲಾ?" ಎಂಬ ಕ್ಷೀಣವಾದ ಧ್ವನಿಯೂ, "ಬಂದೆ ಕಣೆ ಕೂಸೆ, ಬಂದೆ. ತಲೆ ಹೆಂಗೆ ಸಿಕ್ಕಾಗದೆ ನೋಡು, ಯಾರೂ ಬಾಚ್ಲೇ ಇಲ್ವಾ ನಿಂಗೆ?" ಎಂಬ ಮಾತೂ ಕೇಳಿಸಿದವು.

ಲೂರ್ದಮ್ಮ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿಕ್ಕು ಬಿಡಿಸಿ ಜಡೆ ಹೆಣೆದಳು. ದೀಪ ಹಚ್ಚುವ ಹೊತ್ತಿಗೆ ಅಣ್ಣಮ್ಮ ಶಾಂತಳಾಗಿ ತೀರಿಕೊಂಡಳು. ಅವಳ ಒಂದು ಕೈ ಅಕ್ಕನ ಕೈಯಲ್ಲಿ, ಇನ್ನೊಂದು ಚೌರಪ್ಪನ ಕೈಯಲ್ಲಿ ಇತ್ತು. ಕಾಯುವುದು ಮುಗಿದ ಮುಖ ಹೇಗಿರುತ್ತದೆಂದು ನೋಡಿದವರಿಗೆ ಮಾತ್ರ ಗೊತ್ತು.

ಪಾಸ್ಕ ಹಬ್ಬದ ನಂತರ ಅರುಳಪ್ಪನ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿದ್ದು, ಬಿರುಕಿಗೆ ಕಲ್ಲು ಹೆಣೆದು ಗಾರೆ ತುಂಬಿದ್ದು, ಅಟ್ಟಣೆ ಮತ್ತೆ ಗೋಡೆಯಿಂದ ಗೇಣು ದೂರ ನಿಂತದ್ದು, ಇವೆಲ್ಲ ಮಠದ ಚರಿತ್ರೆಗೆ ಸೇರಿದ ಸಂಗತಿಗಳು. ಇನ್ನಾಸಿ ಸ್ವಾಮಿಗಳು ಆ ತಪಸ್ಸುಕಾಲದ ಉಳಿದ ದಿನಗಳನ್ನು ಮತ್ತೆ ಮೌನದಲ್ಲಿ ಕಳೆದರು. ತಾವು ಮಾಡಿದ್ದರ ಬಗ್ಗೆ ಹಬ್ಬದ ನಂತರವೂ ಅವರು ಒಂದು ಮಾತು ಆಡಿದ್ದನ್ನು ಕೇಳಿದವರಿಲ್ಲ. ಆದರೆ ಅವರ ಕೃಪೆ ಎಲ್ಲಿ ಫಲಿಸಿತೆಂಬುದನ್ನು ಅರಿಯಲು ಅಣ್ಣಮ್ಮ ತೀರಿಕೊಂಡ ಮರುದಿನದ ಬೆಳಗನ್ನು ನೆನೆಯಬೇಕು.

ಮಣ್ಣು ಮಾಡುವ ಹೊತ್ತನ್ನು ಊರಿಗೆ ತಿಳಿಸಬೇಕಾಗಿತ್ತು. ಅದನ್ನು ಮನೆಯವರು ಮಾಡುವ ಪದ್ಧತಿಯಿಲ್ಲ. ಆದರೂ ಚೌರಪ್ಪ ಮುಖ ತೊಳೆದುಕೊಂಡು ತಾನೇ ಹೊರಟ. ಮೊದಲು ರಾಯಪ್ಪನವರ ಅಂಗಳದಲ್ಲಿ ಹೋಗಿ ನಿಂತ.

"ಬಿಸಿಲೇರೋದ್ರೊಳಗೆ ಮಣ್ಣು, ಭಾವ" ಎಂದ. ಹೋಗಲಿಲ್ಲ. "ನಮ್ಮಪ್ಪ ಮಾಡಿದ್ದು ತಪ್ಪು. ದೇವ್ರ ಮೇಲಿನ ಪ್ರೀತೀಲೇ ಮಾಡ್ದ, ಆದ್ರೂ ತಪ್ಪೇ. ನಿನ್ನೆ ನನ್ನ ಕೈಗೆ ಗೊತ್ತಾಯ್ತು. ಇಟ್ಟಿಗೆ ನಾನೇ ಬಿಡುಸ್ತೀನಿ."

ರಾಯಪ್ಪನವರು ಅವನ ಬಟ್ಟೆ ಸುತ್ತಿದ ಬೆರಳುಗಳನ್ನೇ ನೋಡುತ್ತಿದ್ದರು.

"ಆವತ್ತು ನಿಮ್ಮಪ್ಪಂಗೆ ಕೆಳಗಿಂದ ಗಾರೆ ಎತ್ತಿ ಕೊಟ್ಟೋನು ಯಾರು, ಗೊತ್ತೇನೋ ನಿಂಗೆ?" ಎಂದರು. "ನಾನು. ಮೀಸೆ ಚಿಗುರೋ ವಯಸ್ಸು. ಊರೆಲ್ಲ ಹೊಗಳ್ದಾಗ ನಾನೂ ಎದೆ ಉಬ್ಬಿಸ್ಕೊಂಡು ಓಡಾಡಿದ್ದೆ. ಬಿರುಕು ಬಿಟ್ಟ ಮೇಲೆ ಅದು ನೆಪ್ಪಿಗೇ ಬರ್ಲಿಲ್ಲ ನೋಡು."

ಅವರು ಎದ್ದರು. ರುಮಾಲನ್ನು ತಲೆಗೆ ಸುತ್ತಲಿಲ್ಲ, ಹೆಗಲ ಮೇಲೆ ಹಾಕಿಕೊಂಡರು.

"ನೀ ಮೇಲಿನ ಬೀದಿಗೆ ಹೋಗು. ಕೆಳಗಿನ ಬೀದಿಗೆ ನಾ ಹೇಳ್ತೀನಿ."

ಇಬ್ಬರೂ ಎರಡು ಕಡೆಗೆ ಹೊರಟರು. ಬೆಳಗಿನ ಹೊತ್ತು, ಊರು ಇನ್ನೂ ಸದ್ದು ಮಾಡಲು ತೊಡಗಿರಲಿಲ್ಲ. ಕೆಳಗಿನ ಬೀದಿಯ ಮೊದಲ ಬಾಗಿಲಲ್ಲಿ ರಾಯಪ್ಪನವರು "ನಮ್ಮ ಅಣ್ಣಮ್ಮ" ಎಂದು ಮಾತು ಶುರುಮಾಡಿದ್ದು ಚೌರಪ್ಪನಿಗೆ ಮೇಲಿನ ಬೀದಿಯ ತಿರುವಿನವರೆಗೂ ಕೇಳಿಸಿತು.